ಅರಮನೆಗೆಂದು ಬೇರೆ ಶುಲ್ಕವಿಲ್ಲ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಬಿ.ಕಾಂ. ಮುಗಿಸಿರುವ ಮಗಳು ಜರ್ಮನಿಯ ಮಾನ್‌ಹೈಮ್‌ನಲ್ಲಿ ಮ್ಯಾನೇಜ್‌ಮೆಂಟ್ ಎಂ.ಎಸ್ಸಿ. ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಆ ವಿಶ್ವವಿದ್ಯಾಲಯ ಅರಮನೆಯಲ್ಲಿದೆಯಂತೆ. ಫೋಟೊ ನೋಡಿಯೇ ಮನಸೋತಿದ್ದಾಳೆ. ‘ಅರಮನೆಯಲ್ಲಿ ಓದಿಸುವಷ್ಟು ಶ್ರೀಮಂತರು ನಾವಲ್ಲ’ ಎನ್ನುತ್ತಾರೆ ಯಜಮಾನರು. ಏನು ಮಾಡಲಿ?”

ಅಮ್ಮ, ಮೊದಲು ನಿಮ್ಮ ಯಜಮಾನರ ಅಂಜಿಕೆಗೆ ಉತ್ತರ ಹೇಳುತ್ತೇನೆ. ಮಾನ್‌ಹೈಮ್ ಸರ್ಕಾರಿ ವಿಶ್ವವಿದ್ಯಾಲಯ. ಯುರೋಪಿನ ಹೊರಗಿನಿಂದ ಬರುವ ವಿದ್ಯಾರ್ಥಿಗಳಿಗೆ ಬಾಡನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ವಿಧಿಸುತ್ತಾ ಬಂದಿರುವ ಶುಲ್ಕ ಸೆಮಿಸ್ಟರ್‌ಗೆ 1,500 ಯೂರೊ. ಅದೇ ರಾಜ್ಯದ ಬೇರೆ ಊರಿನಲ್ಲಿ, ಸಾದಾ ಕಾಂಕ್ರೀಟ್ ಕಟ್ಟಡದಲ್ಲಿ ಓದಿದರೂ ಅಷ್ಟೇ. ಒಂದು ಎಚ್ಚರಿಕೆ ಮಾತ್ರ ಇರಲಿ: ಅಲ್ಲಿನ ಬಿಸಿನೆಸ್ ಸ್ಕೂಲಿನ ಎಂಬಿಎ ಬೇರೆ, ಮಗಳು ಹೇಳುತ್ತಿರುವ ಎಂ.ಎಸ್ಸಿ. ಬೇರೆ. ಎಂಬಿಎ ಶುಲ್ಕ ಹತ್ತಾರು ಸಾವಿರ ಯೂರೊ. ಏಜೆಂಟರು ಯಾವುದರ ಅರ್ಜಿ ತುಂಬಿಸುತ್ತಿದ್ದಾರೆಂದು ನೀವೇ ಓದಿ ನೋಡಿ.

ಫೋಟೊ ಸುಳ್ಳು ಹೇಳಿಲ್ಲ. ಹೈಡೆಲ್‌ಬರ್ಗ್‌ನ ಪ್ರೊಟೆಸ್ಟೆಂಟರೊಂದಿಗೆ ಚರ್ಚೊಂದರ ವಿಷಯಕ್ಕೆ ಜಗಳವಾಗಿ, ದೊರೆ ಕಾರ್ಲ್ ಫಿಲಿಪ್ 1720ರಲ್ಲಿ ರಾಜಧಾನಿಯನ್ನೇ ಮಾನ್‌ಹೈಮ್‌ಗೆ ಬದಲಾಯಿಸಿ ಈ ಅರಮನೆಗೆ ಅಡಿಪಾಯ ಹಾಕಿಸಿದ. ಕಟ್ಟಿ ಮುಗಿಯಲು ನಲವತ್ತು ವರ್ಷ ಹಿಡಿಯಿತು. ಮುಂಭಾಗದ ಉದ್ದವೇ 400 ಮೀಟರಿಗೂ ಹೆಚ್ಚು. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಅವನ ಉತ್ತರಾಧಿಕಾರಿ ಕಾರ್ಲ್ ಥಿಯೋಡೋರ್ 1778ರಲ್ಲಿ ಬಿಟ್ಟು ಮ್ಯೂನಿಕ್‌ಗೆ ಹೊರಟುಹೋದ.

ಆದರೆ ನಿಮ್ಮ ಮಗಳು ಫೋಟೊದಲ್ಲಿ ಕಂಡ ಅರಮನೆಯ ಬಹುಭಾಗ ಆ ದೊರೆಗಳ ಕಾಲದ್ದಲ್ಲ. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಅದು ಸುಟ್ಟು ಹಾಳಾಯಿತು. ನೂರಾರು ಕೋಣೆಗಳಲ್ಲಿ ಧಕ್ಕೆಯಾಗದೆ ಉಳಿದದ್ದು ಒಂದೇ ಒಂದು: ರಾಣಿ ಎಲಿಸಬೆತ್ ಆಗುಸ್ಟಾಳ ಪುಟ್ಟ ಪುಸ್ತಕದ ಕೋಣೆ. ಯುದ್ಧದ ನಂತರ ಗೋಡೆ ಮತ್ತೆ ಎಬ್ಬಿಸಿ, 1955ರ ಹೊತ್ತಿಗೆ ಅಲ್ಲಿ ವಾಣಿಜ್ಯ ಕಾಲೇಜು ನೆಲೆಯಾಯಿತು. 1967ರಲ್ಲಿ ಅದೇ ವಿಶ್ವವಿದ್ಯಾಲಯವಾಯಿತು. ದೊರೆ ಬಿಟ್ಟುಹೋದ, ಬಾಂಬು ಕೆಡವಿದ ಮನೆಯನ್ನು ಒಂದು ನಾಡು ತನ್ನ ಮಕ್ಕಳ ಓದಿಗೆಂದು ಕೊಟ್ಟಿತಲ್ಲ, ನನಗೆ ಮೆಚ್ಚುಗೆಯಾಗುವುದು ಅದು. ಚಿನ್ನದ ಬಣ್ಣದ ಸಭಾಂಗಣಗಳಿರುವ ನಡುಭಾಗ ಈಗ ವಸ್ತುಸಂಗ್ರಹಾಲಯ; ಪಾಠ ನಡೆಯುವ ಕೋಣೆಗಳು ಯಾವ ಕಾಲೇಜಿನಲ್ಲೂ ಇರುವಂಥವೇ.

ಎಲ್ಲ ಪಾಠಗಳೂ ಅರಮನೆಯೊಳಗೆ ನಡೆಯುವುದಿಲ್ಲ. ಹಳೆಯ ಊರನ್ನು ಚೌಕಗಳಾಗಿ ಕಟ್ಟಿರುವುದರಿಂದ ಅಲ್ಲಿ ಬೀದಿಗಳ ಬದಲು ಚೌಕಗಳಿಗೆ ಹೆಸರಿದೆ. “ಎಲ್ 7” ಎಂದರೆ ಎಲ್ ಸಾಲಿನ ಏಳನೆಯ ಚೌಕ. ವಿಶ್ವವಿದ್ಯಾಲಯದ ಹಲವು ಕಟ್ಟಡಗಳು ಇಂಥ ಚೌಕಗಳಲ್ಲಿವೆ. ಹಾಸ್ಟೆಲ್‌ಗಳಂತೂ ಅರಮನೆಯಿಂದ ಬೇರೆಯೇ.

ಖರ್ಚು ನಿಜಕ್ಕೂ ಇರುವುದು ಜೀವನಕ್ಕೆ. ವೀಸಾಕ್ಕೆ ಮೊದಲು ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಹಣ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮೊತ್ತ 11,904 ಯೂರೊ. ಅದು ಯಾರಿಗೋ ಕೊಡುವ ಹಣವಲ್ಲ, ತಿಂಗಳಿಗೆ 992ರಂತೆ ಮಗಳ ಕೈಗೇ ಬರುತ್ತದೆ. ಆದರೂ ಒಟ್ಟಿಗೆ ಹೊಂದಿಸುವುದು ಮಧ್ಯಮ ವರ್ಗಕ್ಕೆ ಭಾರವೇ. ಸಾಲವಾದರೆ ಬಡ್ಡಿ ಎಷ್ಟೆಂದು ಈಗಲೇ ಲೆಕ್ಕ ಹಾಕಿ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು, ಪದವಿಯ ನಂತರ ಕೆಲಸ ಹುಡುಕಲು 18 ತಿಂಗಳ ಅವಕಾಶವೂ ಇದೆ. ಜರ್ಮನ್ ಬಾರದೆ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಪಾಠ ಇಂಗ್ಲಿಷಿನಲ್ಲೇ ಇದ್ದರೂ ಅವಳು ಇಂದೇ ಜರ್ಮನ್ ಕಲಿಯಲು ಶುರುಮಾಡಲಿ.

ನನ್ನ ಅಭಿಪ್ರಾಯ ಕೇಳಿದ್ದೀರಿ. ವಿಷಯ ಅವಳಿಗೆ ಹಿಡಿಸಿದ್ದರೆ, ಬಿ.ಕಾಂ. ಅಂಕಪಟ್ಟಿ ಅಲ್ಲಿನ ಅರ್ಹತೆಗೆ ಸರಿಹೊಂದಿದರೆ, ಕಳುಹಿಸಿ. ಅರಮನೆಯನ್ನು ಕಂಡೇ ಹೋಗುವುದಾದರೆ ಬೇಡ; ಎರಡು ವಾರ ಕಳೆದರೆ ಅದು ಕಣ್ಣಿಗೆ ರೂಢಿಯಾಗುತ್ತದೆ, ಸಾಲ ಉಳಿಯುತ್ತದೆ. ಜರ್ಮನಿಯ ಬೇರೆ ವಿಶ್ವವಿದ್ಯಾಲಯಗಳಲ್ಲಿ ಪಾಠ ಅಕ್ಟೋಬರ್‌ನಲ್ಲಿ ಶುರುವಾದರೆ ಮಾನ್‌ಹೈಮ್‌ನಲ್ಲಿ ಸೆಪ್ಟೆಂಬರ್‌ನಲ್ಲೇ. ಹಾಗಾಗಿ ಭಾರತದ ವಿದ್ಯಾರ್ಥಿಗಳಿಗೆ ಕಡ್ಡಾಯವಾದ ಎಪಿಎಸ್ ಪ್ರಮಾಣಪತ್ರಕ್ಕೆ (ಇಲ್ಲಿನ ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ) ಈಗಲೇ ಅರ್ಜಿ ಹಾಕಿಸಿ. ಪ್ರವೇಶ ಖಾತ್ರಿಯಾದ ದಿನವೇ ಹಾಸ್ಟೆಲ್‌ಗೂ ಬರೆಯಲಿ.

— ಸಂಪಾದಕ