ದುಗ್ಗಮ್ಮನಿಂದ ಇನಾನಾವರೆಗೆ: ಅಂತರ್ಜಾಲದಲ್ಲಿ ದೇವಿಯನ್ನು ಹುಡುಕುವವರಿಗೆ

ದೇವಿ ಆರಾಧನೆ, ಪುರಾಣ ಮತ್ತು ಪಶ್ಚಿಮದ ನವ-ಪೇಗನ್ ಪಂಥಗಳ (ಕ್ರೈಸ್ತಧರ್ಮಕ್ಕೂ ಹಿಂದಿನ ದೇವತೆಗಳ ಆರಾಧನೆಯನ್ನು ಮತ್ತೆ ಶುರು ಮಾಡಿದ, ವಿಕ್ಕಾದಂಥ ಹೊಸ ಪಂಥಗಳ) ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ರೀಲ್ಸ್‌ನಲ್ಲಿ ‘ವಿಕ್ಕಾ’, ‘ಪೇಗನ್’, ‘ಗಾಡೆಸ್’ ಅನ್ನುವ ಮಾತು ದಿನಾ ಕಾಣುತ್ತಿದೆ. ಇನಾನಾ, ಹೆಕಟೆ, ಕಾಳಿ ಎಲ್ಲರೂ ಒಂದೇ ದೇವಿ ಅನ್ನುತ್ತಾರೆ. ಸರಿಯಾಗಿ ಓದಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?
— ಎಂ.ಎ. ವಿದ್ಯಾರ್ಥಿನಿ, ದಾವಣಗೆರೆ

ಮೂಲದಿಂದಲೇ ಶುರು ಮಾಡಿ. ದೇವಿಯ ಬಗ್ಗೆ ಯಾರೋ ಹೇಳಿದ್ದನ್ನು ಓದುವ ಮೊದಲು ಆಕೆಯ ಹಾಡನ್ನೇ ಓದಬೇಕು. ಅದಕ್ಕೀಗ ದುಡ್ಡೂ ಬೇಕಿಲ್ಲ, ದೊಡ್ಡ ಗ್ರಂಥಾಲಯವೂ ಬೇಕಿಲ್ಲ.

ಇನಾನಾ ಇಂದಿನ ಇರಾಕಿನ ದಕ್ಷಿಣದಲ್ಲಿದ್ದ ಪ್ರಾಚೀನ ಸುಮೇರಿಯದ ದೇವಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಸುಮೇರಿಯನ್ ಸಾಹಿತ್ಯವನ್ನು ಇ.ಟಿ.ಸಿ.ಎಸ್.ಎಲ್. (ETCSL) ಎಂಬ ಜಾಲತಾಣದಲ್ಲಿ ಮೂಲ ಪಾಠ ಮತ್ತು ಇಂಗ್ಲಿಷ್ ಅನುವಾದದ ಜೊತೆ ಇಟ್ಟಿದ್ದಾರೆ. ಅಲ್ಲಿ ಹುಡುಕುವಾಗ ಬಹಳ ಜನ ಎಡವುವುದು ಹೆಸರಿನ ಕಾಗುಣಿತದಲ್ಲಿ. ಬೇರೆ ಕಡೆ ಇನಾನಾ ಹೆಸರಿನ ಕೊನೆಯಲ್ಲಿ ‘ಎನ್’ ಅಕ್ಷರ ಜೋಡಿಯಾಗಿ ಬರುತ್ತದೆ (Inanna), ಅಲ್ಲಿ ಒಂದೇ (Inana). ಜೋಡಿ ‘ಎನ್’ ಹಾಕಿ ಹುಡುಕಿ, ಏನೂ ಸಿಗಲಿಲ್ಲ ಎಂದು ವಾಪಸ್ ಬರುವವರೇ ಹೆಚ್ಚು. ಆಕೆ ಪಾತಾಳಕ್ಕೆ ಇಳಿಯುವ ಕಾವ್ಯದ ಸಂಖ್ಯೆ 1.4.1. ಏಳು ಬಾಗಿಲು ದಾಟುತ್ತಾಳೆ, ಒಂದೊಂದು ಬಾಗಿಲಲ್ಲೂ ಕಿರೀಟ, ಮಣಿಸರ, ಬಳೆ ಎಂದು ಒಂದೊಂದೇ ಕಳಚಿಸುತ್ತಾರೆ. ಕೊನೆಗೆ ಬರಿಮೈಯಲ್ಲಿ ಪಾತಾಳದ ರಾಣಿಯಾದ ಅಕ್ಕ ಎರೆಷ್ಕಿಗಲ್ ಎದುರು ನಿಲ್ಲುತ್ತಾಳೆ. ಪ್ರಿಯಕರನನ್ನು ಬಿಡಿಸಿಕೊಂಡು ಬರಲು ಹೋದಳು ಎಂದು ಎಷ್ಟೋ ರೀಲ್ಸ್ ಹೇಳುತ್ತವೆ. ಕಾವ್ಯದಲ್ಲಿರುವುದು ಇದಕ್ಕೆ ತದ್ವಿರುದ್ಧ: ತನ್ನ ಬದಲಿಗೆ ಪಾತಾಳಕ್ಕೆ ಒಪ್ಪಿಸುವುದೇ ಗಂಡ ದುಮುಜಿಯನ್ನು. ಅರ್ಧ ಗಂಟೆ ಕೂತು ಓದಿದರೆ ಇಂಥ ತಪ್ಪು ನಿಮಗೇ ಗೊತ್ತಾಗುತ್ತದೆ.

ಹೆಕಟೆ ಮೊದಲಾದ ಗ್ರೀಕ್ ದೇವತೆಗಳಿಗೆ ಥಿಯೋಯ್ ಜಾಲತಾಣ ಒಳ್ಳೆಯದು. ಪ್ರತಿ ದೇವತೆಯ ಪುಟದಲ್ಲೂ ಹಳೆಯ ಕವಿಗಳ ಮಾತನ್ನು ಕವಿಯ ಹೆಸರು, ಸಾಲಿನ ಸಂಖ್ಯೆ ಸಮೇತ ಕೊಟ್ಟಿರುತ್ತಾರೆ. ಆ ಸಂಖ್ಯೆ ಹಿಡಿದು ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಗ್ರಂಥಾಲಯಕ್ಕೆ ಹೋದರೆ ಹಿಂದುಮುಂದಿನ ಸಾಲುಗಳೂ ಸಿಗುತ್ತವೆ.

‘ಸೇಕ್ರೆಡ್ ಟೆಕ್ಸ್ಟ್ಸ್’ ಜಾಲತಾಣ ದೊಡ್ಡ ಕಣಜ. ಆದರೆ ಅಲ್ಲಿರುವುದು ಹೆಚ್ಚಾಗಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕ, ಅಂದರೆ ನೂರು ವರ್ಷದ ಹಿಂದಿನ ವಿದ್ವತ್ತು. ಯುರೋಪಿನ ಮಾಟಗಾತಿಯರದ್ದು ಗುಟ್ಟಾಗಿ ಉಳಿದುಬಂದ ಪುರಾತನ ಧರ್ಮ ಎಂದು ಮಾರ್ಗರೆಟ್ ಮರ್ರೆ 1921ರಲ್ಲಿ ಬರೆದ ಪುಸ್ತಕವೂ ಅಲ್ಲಿದೆ. ಆ ವಾದವನ್ನು ಇತಿಹಾಸಕಾರರು ಎಂದೋ ಕೈಬಿಟ್ಟಿದ್ದಾರೆ. 1954ರಲ್ಲಿ ವಿಕ್ಕಾ ಪಂಥವನ್ನು ಲೋಕದ ಮುಂದಿಟ್ಟ ಜೆರಾಲ್ಡ್ ಗಾರ್ಡ್ನರ್ ಪುಸ್ತಕಕ್ಕೆ ಮುನ್ನುಡಿ ಬರೆದವರೂ ಇದೇ ಮರ್ರೆ. ವಿಕ್ಕಾ 20ನೇ ಶತಮಾನದ ಇಂಗ್ಲೆಂಡಿನಲ್ಲಿ ಹೇಗೆ ರೂಪುಗೊಂಡಿತು ಎಂಬುದನ್ನು ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಎಳೆಎಳೆಯಾಗಿ ಬಿಡಿಸಿ ತೋರಿಸಿದರು. ಹೊಸ ಪಂಥ ಎನ್ನುವುದರಿಂದ ಅದಕ್ಕೆ ಅವಮಾನವೇನಿಲ್ಲ. ನಂಬುವವರು ನಿಜವಾಗಿಯೇ ನಂಬುತ್ತಾರೆ. ಹೊಸದನ್ನು ಐದು ಸಾವಿರ ವರ್ಷ ಹಳೆಯದು ಎಂದು ಹೇಳಿದರೆ ಮಾತ್ರ ಒಪ್ಪಬೇಡಿ.

ಪ್ರಶ್ನೆ: ಕನ್ಯೆ, ತಾಯಿ, ಮುದುಕಿ ಎಂಬ ಮೂರು ರೂಪದ ದೇವಿ ಎಲ್ಲ ಪ್ರಾಚೀನ ಧರ್ಮಗಳಲ್ಲೂ ಇದ್ದಳಂತೆ. ನಮ್ಮ ಸರಸ್ವತಿ, ಲಕ್ಷ್ಮಿ, ಕಾಳಿಯೂ ಇದೇ ಲೆಕ್ಕವೇ?
— ಚಿತ್ರದುರ್ಗದಿಂದ ಒಬ್ಬ ಓದುಗರು

ಅಲ್ಲ. ಈ ಮೂರು ವಯಸ್ಸಿನ ದೇವಿಯನ್ನು ಜನಪ್ರಿಯಗೊಳಿಸಿದ್ದು ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್, 1948ರಲ್ಲಿ. ಗ್ರೀಕರಲ್ಲಿ ಮೂರು ಮುಖದ ಹೆಕಟೆ ಇದ್ದಾಳೆ ನಿಜ, ಆದರೆ ಹಳೆಯ ಶಿಲ್ಪಗಳಲ್ಲಿ ಆ ಮೂವರದ್ದೂ ಒಂದೇ ಪ್ರಾಯ.

ನಮ್ಮ ಕಡೆ ಮೂರರ ಲೆಕ್ಕ ಬೇರೆ. ದೇವೀಮಾಹಾತ್ಮ್ಯೆಯ 13 ಅಧ್ಯಾಯಗಳನ್ನು ಮೂರು ಚರಿತೆಗಳಾಗಿ ಹಂಚಿದ್ದಾರೆ: ಮೊದಲ ಅಧ್ಯಾಯ ಮಹಾಕಾಳಿಗೆ, 2ರಿಂದ 4 ಮಹಾಲಕ್ಷ್ಮಿಗೆ, 5ರಿಂದ 13 ಮಹಾಸರಸ್ವತಿಗೆ. ಇಲ್ಲಿ ವಯಸ್ಸಿನ ಮಾತೇ ಇಲ್ಲ. ಮೂಲ ಪಾಠವನ್ನು ಸಂಸ್ಕೃತ ಡಾಕ್ಯುಮೆಂಟ್ಸ್ ಜಾಲತಾಣದಲ್ಲಿ ಕನ್ನಡ ಲಿಪಿಯಲ್ಲೇ ಓದಬಹುದು. ಪಾರ್ಜಿಟರ್ ಮಾಡಿದ ಮಾರ್ಕಂಡೇಯ ಪುರಾಣದ 1904ರ ಇಂಗ್ಲಿಷ್ ಅನುವಾದ ಆರ್ಕೈವ್ ಡಾಟ್ ಆರ್ಗ್ ಎಂಬ ಉಚಿತ ಪುಸ್ತಕ ಭಂಡಾರದಲ್ಲಿದೆ. ಅದರ 81ರಿಂದ 93ನೇ ಅಧ್ಯಾಯಗಳೇ ದೇವೀಮಾಹಾತ್ಮ್ಯೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವಾಗ ಶ್ಲೋಕದ ಸಂಖ್ಯೆ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ. ಪಾರಾಯಣದ ಪುಸ್ತಕಗಳಲ್ಲಿ ‘ಋಷಿರುವಾಚ’ದಂಥ ಸಾಲುಗಳನ್ನೂ ಅರ್ಧ ಶ್ಲೋಕಗಳನ್ನೂ ಒಂದೊಂದು ಮಂತ್ರವೆಂದು ಎಣಿಸಿ 700 ಮಾಡಿರುತ್ತಾರೆ. ಅದಕ್ಕೇ ಸಂಖ್ಯೆ ಬಿಟ್ಟು ಅಧ್ಯಾಯ ಮತ್ತು ಪ್ರಸಂಗ ಹಿಡಿದು ಹುಡುಕಬೇಕು.

ಇನ್ನು ನಿಮ್ಮೂರಿನ ಲೆಕ್ಕವೇ ಬೇರೆ. ಬರಗೇರಮ್ಮ, ತಿಪ್ಪಿನಘಟ್ಟಮ್ಮ ಅಕ್ಕ-ತಂಗಿ. ಅವರಿಬ್ಬರ ಭೇಟಿ ನೋಡಲು ದುರ್ಗದ ಜನವೆಲ್ಲ ಬೀದಿಗೆ ಬರುತ್ತಾರೆ. ನಮ್ಮ ಊರಮ್ಮಂದಿರನ್ನು ಒಬ್ಬರಿಗೊಬ್ಬರು ಬೆಸೆಯುವುದು ಒಡಹುಟ್ಟಿದ ಸಂಬಂಧ, ತವರಿನ ಸಂಬಂಧ. ಇದನ್ನು ಕನ್ಯೆ-ತಾಯಿ-ಮುದುಕಿಯ ಅಚ್ಚಿಗೆ ತುರುಕಿದರೆ ಅದರಲ್ಲಿರುವ ಚೆಲುವೇ ಹೋಗಿಬಿಡುತ್ತದೆ.

ಪ್ರಶ್ನೆ: ವಿಕ್ಕಾ ಅಂದರೆ ಮಾಟ-ಮಂತ್ರವೇ? ಮಗಳು ಓದುತ್ತಿದ್ದಾಳೆ, ಭಯವಾಗುತ್ತಿದೆ.
— ಗೃಹಿಣಿ, ದಾವಣಗೆರೆ

ಭಯ ಬೇಡ ಅಮ್ಮಾ. ಆ ಪಂಥದವರು ತಮ್ಮನ್ನು ‘ವಿಚ್’ ಎಂದು ಕರೆದುಕೊಳ್ಳುತ್ತಾರೆ, ಅದನ್ನು ‘ಮಾಟಗಾತಿ’ ಎಂದು ಅನುವಾದಿಸಿದಾಗ ಗೊಂದಲವಾಗುತ್ತದೆ. ನಮ್ಮಲ್ಲಿ ಆ ಮಾತಿಗೆ ಇನ್ನೊಬ್ಬರಿಗೆ ಕೆಡುಕು ಮಾಡುವವಳು ಎಂದೇ ಅರ್ಥ. ವಿಕ್ಕಾದವರ ನಡೆಯ ಸೂತ್ರವೇ ಯಾರಿಗೂ ಕೇಡಾಗದಂತೆ ಇರಬೇಕು ಎನ್ನುವುದು. ಓದುವುದಕ್ಕೆ ಅಡ್ಡಿ ಮಾಡಬೇಡಿ. ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ: ಆನ್‌ಲೈನ್‌ನಲ್ಲಿ ದೀಕ್ಷೆ ಕೊಡುತ್ತೇವೆ, ದೋಷ ತೆಗೆಯುತ್ತೇವೆ ಎಂದು ಹಣ, ಫೋಟೊ, ಹುಟ್ಟಿದ ವೇಳೆ ಕೇಳುವವರಿಗೆ ಏನನ್ನೂ ಕೊಡಕೂಡದು.

ಪ್ರಶ್ನೆ: ಪೇಗನ್ನರ ವರ್ಷಚಕ್ರದ ಎಂಟು ಹಬ್ಬಗಳನ್ನು ಇಲ್ಲಿ ಆಚರಿಸಬಹುದೇ? ತಾರೀಖು ಬದಲಿಸಬೇಕೇ?
— ಹರಿಹರದಿಂದ ಒಬ್ಬ ಓದುಗರು

ಆಚರಿಸಬಾರದು ಎಂದೇನಿಲ್ಲ. ಹಗಲು ಅತಿ ಉದ್ದ, ಅತಿ ಗಿಡ್ಡ, ಸಮ ಆಗುವ ದಿನಗಳಿಗೂ ಅವುಗಳ ನಡುವಿನ ದಿನಗಳಿಗೂ ಹೊಂದಿಸಿದ ಹಬ್ಬಗಳವು. ಆದರೆ ಆ ಚಕ್ರ ಯಾವ ನೆಲದ್ದು ಎಂದು ಮೊದಲು ನೋಡಿ. ಲಂಡನ್ನಿನಲ್ಲಿ ಜೂನ್ 21ರ ಹಗಲು ಹದಿನಾರೂವರೆ ಗಂಟೆ ದಾಟುತ್ತದೆ, ಡಿಸೆಂಬರ್ 21ರ ಹಗಲು ಎಂಟು ಗಂಟೆಗೂ ಕಡಿಮೆ. ಆ ಕತ್ತಲಲ್ಲಿ ಬದುಕುವವರಿಗೆ ಸೂರ್ಯ ತಿರುಗಿ ಬರುವುದು ಹಬ್ಬವೇ ಸರಿ. ನಮ್ಮಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು 1 ಗಂಟೆ 40 ನಿಮಿಷ ಅಷ್ಟೆ. ದಾವಣಗೆರೆ, ಹರಿಹರ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯಕ್ಕೆ, ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೇ ಬಂದು ನೆರಳು ಕಾಲಡಿಗೆ ಸೇರುತ್ತದೆ. ಜೂನ್ 21ಕ್ಕೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ, ಮುಂಗಾರಿನ ಮೋಡ ಇಲ್ಲದಿದ್ದರೆ ಅದನ್ನೂ ನೋಡಬಹುದು. ಚಕ್ರವನ್ನು ಹಾಗೇ ಎತ್ತಿಕೊಂಡು ಬಂದರೆ ಆಕಾಶಕ್ಕೂ ಹಬ್ಬಕ್ಕೂ ತಾಳ ತಪ್ಪುತ್ತದೆ.

ಎಂಟರ ಈ ಕಟ್ಟು ಕೂಡ ಹೊಸದು. ‘ಲಿಥಾ’, ‘ಮೇಬನ್’ ಎಂಬ ಹೆಸರುಗಳನ್ನು ಜೂನ್ ಮತ್ತು ಸೆಪ್ಟೆಂಬರ್‌ನ ಹಬ್ಬಗಳಿಗೆ ಇಟ್ಟವರು ಅಮೆರಿಕದ ಏಡನ್ ಕೆಲ್ಲಿ, 1970ರ ದಶಕದಲ್ಲಿ. ಮಾರ್ಚ್‌ನ ಹಬ್ಬದ ‘ಒಸ್ಟಾರಾ’ ಹೆಸರಿನ ಹಿಂದಿರುವ ಈಒಸ್ಟ್ರೆ ದೇವಿಯ ಬಗ್ಗೆ ಹಳೆಯ ಬರಹದಲ್ಲಿ ಸಿಗುವುದು 8ನೇ ಶತಮಾನದ ಬೀಡ್ ಎಂಬ ಸನ್ಯಾಸಿಯ ಒಂದೇ ಒಂದು ಉಲ್ಲೇಖ. ಈಸ್ಟರ್ ಹಬ್ಬದ ಮೊಲ, ಮೊಟ್ಟೆ ಆಕೆಯಿಂದಲೇ ಬಂದವು ಎನ್ನುವವರಿದ್ದಾರೆ, ಅವು ಯಾವುವೂ ಅದರಲ್ಲಿಲ್ಲ.

ನೆಲವನ್ನೇ ದೇವಿ ಎಂದು ಪೂಜಿಸುವ ಆಸೆಯಿದ್ದರೆ ನಿಮ್ಮ ಸುತ್ತಲೇ ಒಂದು ಚಕ್ರವಿದೆ: ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಸೀಗೆ ಹುಣ್ಣಿಮೆ. ಸೀಗೆ ಹುಣ್ಣಿಮೆಯ ಹೊತ್ತಿಗೆ ಪೈರು ತೆನೆಯೊಡೆದಿರುತ್ತದೆ. ಬಸುರಿಗೆ ಬಯಕೆ ತೀರಿಸುವಂತೆ ಭೂಮಿಗೆ ಚರಗ ಚೆಲ್ಲುತ್ತಾರೆ. ಆಷಾಢದಲ್ಲಿ ಹೋಳಿಗೆಮ್ಮ ಬರುತ್ತಾಳೆ. ಮೊರದಲ್ಲಿ ಹೋಳಿಗೆ, ಬೇವಿನ ಸೊಪ್ಪು ಇಟ್ಟು ಹೆಂಗಸರು ಊರಾಚೆ ಕೊಂಡೊಯ್ದು ಇಟ್ಟು ಬರುತ್ತಾರೆ, ರೋಗರುಜಿನ ಅವಳ ಜೊತೆ ಗಡಿ ದಾಟಲಿ ಎಂದು. ಮಳೆ ಹಿಡಿದು ಕಾಯಿಲೆ ಹಬ್ಬುವ ತಿಂಗಳಿಗೂ ಈ ಹಬ್ಬಕ್ಕೂ ಇರುವ ನಂಟು ನೋಡಿ. ಹಬ್ಬ ಹವಾಮಾನಕ್ಕೆ ಅಂಟಿಕೊಂಡಿರುವುದು ಎಂದರೆ ಇದು.

ಪ್ರಶ್ನೆ: ಪುರಾತನ ದೇವಾಲಯಗಳ ‘ಪವಿತ್ರ ವೇಶ್ಯೆ’ಯರು ದೇವಿಯ ಅರ್ಚಕಿಯರಾಗಿ ಸ್ವತಂತ್ರರಾಗಿದ್ದರು, ಎಲ್ಲಮ್ಮನ ಜೋಗತಿಯರೂ ಹಾಗೇ ಎಂದು ಒಂದು ಕಡೆ ಓದಿದೆ. ನಿಜವೇ?
— ಜಗಳೂರಿನಿಂದ ಒಬ್ಬ ಓದುಗರು

ಎಲ್ಲಮ್ಮನ ಕ್ಷೇತ್ರವಾದ ಉಚ್ಚಂಗಿದುರ್ಗದ ಹತ್ತಿರದವರು ನೀವು, ಅನುಮಾನ ಬಂದದ್ದು ಸರಿಯಾಗಿಯೇ ಇದೆ. ಬ್ಯಾಬಿಲೋನಿನಲ್ಲಿ ಇಂಥ ಪದ್ಧತಿ ಇತ್ತೆಂಬ ಕತೆಗೆ ಮುಖ್ಯ ಆಧಾರ ಗ್ರೀಕ್ ಬರಹಗಾರ ಹೆರೊಡೊಟಸ್. ಅದು ಪರದೇಶದವರ ಬಗ್ಗೆ ಹೊರಗಿನವನೊಬ್ಬ ಬರೆದದ್ದು. ಆ ಆಧಾರಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದ ಸ್ಟೆಫನಿ ಬುಡಿನ್, ಅಂಥದ್ದೊಂದು ಪದ್ಧತಿ ಇರಲೇ ಇಲ್ಲ ಎಂದು 2008ರಲ್ಲಿ ವಾದಿಸಿದರು.

ನಮ್ಮಲ್ಲಿ ದೇವದಾಸಿಯರಾಗಿ ಮುತ್ತು ಕಟ್ಟಿಸಿಕೊಂಡವರು ಹೆಚ್ಚಾಗಿ ದಲಿತ ಮನೆಗಳ ಬಡ ಹೆಣ್ಣುಮಕ್ಕಳು. ಕಟ್ಟಿದಾಗ ಅವರಿಗೆ ಆಯ್ಕೆ ಮಾಡುವ ವಯಸ್ಸೂ ಇರಲಿಲ್ಲ, ಹಕ್ಕೂ ಇರಲಿಲ್ಲ. ಕರ್ನಾಟಕ 1982ರ ಕಾಯ್ದೆಯಲ್ಲಿ ದೇವದಾಸಿ ಸಮರ್ಪಣೆಯನ್ನು ಅಪರಾಧವಾಗಿಸಿತು. ದೇವಿಯ ಹೆಸರಲ್ಲಿ ನಡೆದ ಆ ಅನ್ಯಾಯಕ್ಕೆ ‘ಸ್ತ್ರೀಶಕ್ತಿ’ ಎಂದು ಬಣ್ಣ ಬಳಿಯುವ ಯಾವ ಬರಹವನ್ನೂ ನಂಬಬೇಡಿ, ಎಷ್ಟೇ ಚೆಂದವಾಗಿ ಬರೆದಿರಲಿ. ಜೋಗತಿಯರ ಚೌಡಿಕೆ ಪದಗಳ ಸಿರಿವಂತಿಕೆ ದೊಡ್ಡದು, ಅದನ್ನು ಮೆಚ್ಚಲು ಅವರು ಪಟ್ಟ ಪಾಡನ್ನು ಮುಚ್ಚಬೇಕಿಲ್ಲ.

ಪ್ರಶ್ನೆ: ನಮ್ಮೂರಿನ ಮಾರಮ್ಮನ ಬಗ್ಗೆ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ.
— ಹೊಳಲ್ಕೆರೆಯಿಂದ ಒಬ್ಬ ಓದುಗರು

ಹುಡುಕುವ ಪೆಟ್ಟಿಗೆಯ ಕೆಳಗೆ ಹಲವು ಆಯ್ಕೆಗಳಿವೆ. ತಾನಾಗಿ ಇರುವುದು ಶೀರ್ಷಿಕೆ, ಲೇಖಕರ ಹೆಸರಿನಂಥ ವಿವರಗಳಲ್ಲಿ ಮಾತ್ರ ಹುಡುಕುತ್ತದೆ. ಪುಸ್ತಕದ ಒಳಗೆ ಹುಡುಕುವ ಆಯ್ಕೆಯನ್ನು ನೀವೇ ಒತ್ತಬೇಕು. ಕನ್ನಡ ಪುಸ್ತಕಗಳ ಶೀರ್ಷಿಕೆ ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ, ಆದ್ದರಿಂದ ಎರಡೂ ಲಿಪಿಯಲ್ಲಿ ಹುಡುಕಿ. ಹಳೆಯ ಸ್ಕ್ಯಾನ್‌ಗಳಲ್ಲಿ ಯಂತ್ರ ಒತ್ತಕ್ಷರಗಳನ್ನು ತಪ್ಪಾಗಿ ಓದಿರುತ್ತದೆ. ‘ದುರ್ಗಮ್ಮ’ ಸಿಗದಿದ್ದರೆ ಒತ್ತಿಲ್ಲದ ಪದ ಹಾಕಿ ನೋಡಿ, ಅಥವಾ ಊರಿನ ಹೆಸರು ಹಾಕಿ.

ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ಚಿತ್ರದುರ್ಗ ‘ಚಿತಲ್‌ಡ್ರೂಗ್’ ಆಗಿದೆ, ‘ಡ್ರೂಗ್’ ಬರೆಯಲು ‘ಓ’ ಅಕ್ಷರ ಎರಡು ಸಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಶಾಸನ ಸಂಗ್ರಹದ 11ನೇ ಸಂಪುಟ ಈ ಜಿಲ್ಲೆಯದೇ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ದಾವಣಗೆರೆ, ಹರಿಹರ, ಜಗಳೂರು ಕಡೆಯ ಶಾಸನಗಳೂ ಇದೇ ಸಂಪುಟದಲ್ಲಿವೆ. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಟ್ಟಿದ್ದಾರೆ. ಒಂದೇ ಶಾಸನ ಅನುವಾದ, ರೋಮನ್ ಲಿಪಿ, ಕನ್ನಡ ಲಿಪಿ ಎಂದು ಮೂರು ಕಡೆ ಬರುತ್ತದೆ, ಸಂಖ್ಯೆ ಹಿಡಿದು ಮೂರನ್ನೂ ನೋಡಿ.

ಬಿಷಪ್ ಹೆನ್ರಿ ವೈಟ್‌ಹೆಡ್ 1916ರಲ್ಲಿ ದಕ್ಷಿಣದ ಗ್ರಾಮದೇವತೆಗಳ ಬಗ್ಗೆ ಬರೆದದ್ದೂ ಆರ್ಕೈವ್‌ನಲ್ಲಿದೆ. ಕಣ್ಣಾರೆ ಕಂಡ, ಕೇಳಿದ ವಿವರಗಳಿಗೆ ಬೆಲೆಯಿದೆ. ಆತ ಕೊಡುವ ತೀರ್ಪನ್ನು ಬಿಟ್ಟುಬಿಡಿ, ಅದು ಮತಪ್ರಚಾರಕರ ಕಣ್ಣು.

ಪ್ರಶ್ನೆ: ಗೌರಸಮುದ್ರ ಮಾರಮ್ಮನ ಮೇಲೆ ನಮ್ಮ ಹಟ್ಟಿಯ ಅಜ್ಜಿಯರು ಹಾಡುವ ಪದಗಳು ಎಲ್ಲೂ ಸಿಗುವುದಿಲ್ಲ. ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ವಿಕಿಪೀಡಿಯದವರ ಉಚಿತ ಚಿತ್ರ-ಧ್ವನಿ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದೇ?
— ನಿವೃತ್ತ ಶಿಕ್ಷಕರು, ಚಳ್ಳಕೆರೆ

ಖಂಡಿತ ಹಾಕಬಹುದು ಮೇಷ್ಟ್ರೇ, ತಡಮಾಡಬೇಡಿ. ಜಾತ್ರೆಯ ಗದ್ದಲದಲ್ಲಿ ಮಾತ್ರ ಮುದ್ರಿಸಬೇಡಿ, ಉರುಮೆ ಸದ್ದಿಗೆ ಪದ ಮುಚ್ಚಿಹೋಗುತ್ತದೆ. ಮಧ್ಯಾಹ್ನ ಪಡಸಾಲೆಯಲ್ಲಿ ಫ್ಯಾನ್ ಆರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಕೂರಿ. ಒಬ್ಬರೇ ಹಾಡುವುದಾದರೆ ಬಾಯಿಂದ ಒಂದು ಗೇಣು ದೂರ, ಮೂರು-ನಾಲ್ಕು ಜನರಾದರೆ ಮೂರಡಿ. ಮೊಬೈಲನ್ನು ಬರಿ ನೆಲದ ಮೇಲೆ ಇಡಬೇಡಿ, ಮಡಿಸಿದ ಟವೆಲ್ ಮೇಲಿಡಿ. ಇಲ್ಲದಿದ್ದರೆ ಯಾರಾದರೂ ಕಾಲು ಸರಿಸಿದರೂ ದಡ್ ಎಂದು ಕೇಳುತ್ತದೆ. ಅರ್ಧ ನಿಮಿಷ ಮುದ್ರಿಸಿ ಕೇಳಿ ನೋಡಿ, ಆಮೇಲೆ ಮುಂದುವರಿಸಿ.

ಅಪ್‌ಲೋಡ್ ಮಾಡುವಾಗ ಬಹಳ ಜನರಿಗೆ ಆಗುವ ತೊಂದರೆ ಒಂದಿದೆ. ಎಷ್ಟೋ ಮೊಬೈಲ್‌ಗಳು ಧ್ವನಿಯನ್ನು ಎಂ4ಎ ರೂಪದಲ್ಲಿ ಉಳಿಸುತ್ತವೆ, ಅದನ್ನು ಕಾಮನ್ಸ್ ಸ್ವೀಕರಿಸುವುದಿಲ್ಲ. ರೆಕಾರ್ಡರ್ ಸೆಟ್ಟಿಂಗ್‌ನಲ್ಲಿ ಮೊದಲೇ ವೇವ್ (WAV) ರೂಪ ಆರಿಸಿಕೊಳ್ಳಿ. 44.1 ಕಿಲೋಹರ್ಟ್ಸ್, 16 ಬಿಟ್, ಮೊನೊ ಸಾಕು. ನಿಮಿಷಕ್ಕೆ ಸುಮಾರು 5 ಎಂ.ಬಿ. ಆಗುತ್ತದೆ. ಈಗಾಗಲೇ ಎಂ4ಎ ಆಗಿದ್ದರೆ ಕಂಪ್ಯೂಟರಿನಲ್ಲಿ ಅಡಾಸಿಟಿಯಂಥ ಉಚಿತ ತಂತ್ರಾಂಶ ಬಳಸಿ ಫ್ಲ್ಯಾಕ್ (FLAC) ರೂಪಕ್ಕೆ ಬದಲಿಸಿಕೊಳ್ಳಿ.

ಅನುಮತಿಯ ಮಾತು ಎಲ್ಲಕ್ಕಿಂತ ದೊಡ್ಡದು. ಪದ ಎಷ್ಟೇ ಹಳೆಯದಾದರೂ ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ನಮ್ಮ ಕಾನೂನಿನಲ್ಲಿ 50 ವರ್ಷ ಹಕ್ಕಿದೆ. ಕಾಮನ್ಸ್‌ಗೆ ಹಾಕಿದ ಮೇಲೆ ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗದು. ಇದನ್ನು ಅಜ್ಜಿಗೆ ಅವರ ಮಾತಿನಲ್ಲೇ ಬಿಡಿಸಿ ಹೇಳಿ, ಒಪ್ಪಿಗೆಯನ್ನೂ ಅದೇ ಧ್ವನಿಯಲ್ಲಿ ಮುದ್ರಿಸಿಕೊಳ್ಳಿ. ಜೊತೆಗೆ ತಾರೀಖು, ಊರು, ಯಾವ ಹೊತ್ತಿಗೆ ಹಾಡುವ ಪದ ಎಂಬುದನ್ನೂ ಹೇಳಿಸಿ. ದೇವಿಯ ಮುಂದೆ ಮಾತ್ರ ಹಾಡಬೇಕು, ಹೊರಗೆ ಬಿಡಬಾರದು ಎಂದರೆ ಆ ಪದವನ್ನು ಅಲ್ಲಿಗೇ ಬಿಡಿ.

ಸಾಹಿತ್ಯವನ್ನು ಎರಡು ದಿನದೊಳಗೆ ಬರೆದಿಡಿ. ಅರ್ಥವಾಗದ ಮಾತನ್ನು ತಿದ್ದಬೇಡಿ, ಕೇಳಿಸಿದ ಹಾಗೇ ಬರೆದು ಪಕ್ಕದಲ್ಲಿ ನಿಮಿಷ-ಸೆಕೆಂಡು ಗುರುತು ಹಾಕಿಕೊಳ್ಳಿ. ಮುಂದಿನ ಸಲ ಹೋದಾಗ ಅಷ್ಟು ಭಾಗವನ್ನು ಮಾತ್ರ ಅಜ್ಜಿಗೆ ಕೇಳಿಸಿ. ಮಾತಿನಲ್ಲಿ ಹೇಳಿ ಎಂದರೆ ನೆನಪಾಗದ ಪದ, ತಮ್ಮದೇ ದನಿ ಕೇಳಿದ ಕೂಡಲೇ ಅವರ ಬಾಯಿಗೆ ಬರುತ್ತದೆ.