ಐದು ಟನ್ ಎಳೆದರೂ ತುಂಡಾಗದ ಕೇಬಲ್, ಕಟಿಂಗ್ ಪ್ಲೇಯರ್‌ಗೆ ಸೋಲುವುದೇಕೆ?

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್ಲು ಮಾಡುತ್ತೇವೆ. ಒಂದು ಲೇತ್ ಕೂಡ ಇದೆ. ಹೋದ ತಿಂಗಳು ಮಗನ ಗೇರ್ ಸೈಕಲ್ ಕೋಚಿಂಗ್ ಕ್ಲಾಸಿನ ಮುಂದಿನಿಂದ ಕಳುವಾಯಿತು. 12 ಮಿ.ಮೀ. ದಪ್ಪದ ಕೇಬಲ್ ಲಾಕ್ ಹಾಕಿದ್ದ. ಸೈಕಲ್ ಹೋಯಿತು, ತುಂಡಾದ ಕೇಬಲ್ ಅಲ್ಲೇ ಬಿದ್ದಿತ್ತು. ಯಾರಿಂದಲೂ ಕತ್ತರಿಸೋಕೆ ಆಗದ ಕೇಬಲ್ ಲಾಕನ್ನು ನಾನೇ ಮಾಡೋಣ ಅಂತಿದ್ದೇನೆ. ಎಷ್ಟು ದಪ್ಪದ ವೈರ್ ರೋಪ್ ತಗೊಳ್ಳಲಿ? ಸ್ಟೇನ್‌ಲೆಸ್ ಸ್ಟೀಲಿನದು ಒಳ್ಳೆಯದಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ಆ ತುಂಡಾದ ಕೇಬಲ್ ಎಸೆದಿಲ್ಲ ತಾನೆ? ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಿ. ತಂತಿಗಳ ತುದಿ ಒಂದೊಂದೂ ಉಳಿಯ ಬಾಯಿಯ ಹಾಗೆ ಚಪ್ಪಟೆಯಾಗಿ, ಮೇಲೆ ಕೆಳಗೆ ಆಗಿದ್ದರೆ ಪ್ಲೇಯರ್‌ನಲ್ಲಿ ಎಳೆ ಎಳೆಯಾಗಿ ಕಚ್ಚಿದ್ದಾನೆ ಅಂತ ಅರ್ಥ. ಎಲ್ಲವೂ ಒಂದೇ ಮಟ್ಟಕ್ಕೆ ನುಣ್ಣಗೆ ತುಂಡಾಗಿದ್ದರೆ ಕೇಬಲ್ ಕಟ್ಟರ್. ತುದಿ ನೀಲಿಗಟ್ಟಿ ಪ್ಲಾಸ್ಟಿಕ್ ಕರಗಿದ್ದರೆ ಗ್ರೈಂಡರ್. ಕಳ್ಳ ಯಾವ ಹತಾರ ತಂದಿದ್ದ ಅನ್ನುವುದು ಗೊತ್ತಾಗದೆ ಬೀಗ ಮಾಡಲು ಹೊರಟರೆ, ಕಾಯಿಲೆ ಕೇಳದೆ ಔಷಧಿ ಕೊಟ್ಟ ಹಾಗೆ.

ಆಮೇಲೆ ಮೇಲಿನ ಪ್ಲಾಸ್ಟಿಕ್ ಸುಲಿದು, ಒಳಗಿನ ಸ್ಟೀಲಿಗೆ ವರ್ನಿಯರ್ ಹಿಡಿಯಿರಿ. ನಾನು ಒಮ್ಮೆ ಹೀಗೆ ಸುಲಿದ 12 ಮಿ.ಮೀ. ಲಾಕಿನೊಳಗೆ ಇದ್ದದ್ದು 6 ಮಿ.ಮೀ. ರೋಪ್. ಉಳಿದದ್ದೆಲ್ಲ ಬಣ್ಣದ ಪ್ಲಾಸ್ಟಿಕ್. ಅಡ್ಡಳತೆ ಅರ್ಧವಾದರೆ ಉಕ್ಕು ಕಾಲು ಭಾಗವಷ್ಟೇ ಉಳಿಯುತ್ತದೆ. ನಿಮ್ಮದರಲ್ಲೂ ಇದೇ ಕಥೆ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಈಗ ದಪ್ಪದ ವಿಷಯಕ್ಕೆ ಬರೋಣ. ವೈರ್ ರೋಪ್ ಹುಟ್ಟಿದ್ದೇ ಎಳೆತಕ್ಕೆ. ಲಿಫ್ಟು, ಕ್ರೇನು ಎಲ್ಲ ಅದರಿಂದಲೇ ನಡೆಯುವುದು. ಅಂಗಡಿಯಲ್ಲಿ 7×19 ಅಂತ ಕೇಳಿದರೆ ಸಿಗುವ, ಚೆನ್ನಾಗಿ ಬಾಗುವ ರೋಪ್ ತೆಗೆದುಕೊಳ್ಳಿ. 19 ತಂತಿಯ ಒಂದು ಎಳೆ, ಅಂಥ 7 ಎಳೆ, ಒಟ್ಟು 133 ತಂತಿ. 10 ಮಿ.ಮೀ. ರೋಪ್ ಆದರೆ ಎಳೆದು ಹರಿಯಲು ಐದು ಟನ್‌ಗೂ ಜಾಸ್ತಿ ಬಲ ಬೇಕು. ಆದರೆ ಕಳ್ಳ ಎಳೆಯುವುದಿಲ್ಲವಲ್ಲ! ಅದರ ಒಂದೊಂದು ತಂತಿ ಸುಮಾರು 0.67 ಮಿ.ಮೀ. ದಪ್ಪ, ಅಷ್ಟೇ. ಚದರ ಮಿ.ಮೀ.ಗೆ 1770 ನ್ಯೂಟನ್ ತಾಳುವ ಗಟ್ಟಿ ತಂತಿಯಾದರೂ ಒಂದನ್ನು ಕತ್ತರಿಸಲು 40 ಕೆ.ಜಿ. ಭಾರದಷ್ಟು ಬಲ ಸಾಕು. ಒಳ್ಳೆಯ ಕಟಿಂಗ್ ಪ್ಲೇಯರ್ ಕೈಯ ಬಲವನ್ನು ಹತ್ತು ಪಟ್ಟು ಮಾಡುತ್ತದೆ. ಅಲ್ಲಿಗೆ ನಾಲ್ಕು ಕೆ.ಜಿ. ಹಿಡಿತ. ಐದು ಟನ್ನಿನ ರೋಪನ್ನು ಹೀಗೆ ನಾಲ್ಕು ನಾಲ್ಕು ಕೆ.ಜಿ.ಯ ಕಂತಿನಲ್ಲಿ ಮುಗಿಸಬಹುದು. ಕೇಬಲ್ ಕಟ್ಟರ್ ಇದ್ದರಂತೂ ಕಂತೂ ಬೇಡ. ಅದರ ಗಿಳಿಮೂತಿಯಂಥ ಬಾಗಿದ ಬಾಯಿ ತಂತಿಗಳು ಆಚೀಚೆ ಹರಡದಂತೆ ಒಟ್ಟು ಮಾಡಿ ಕಚ್ಚುತ್ತದೆ.

ಹಾಗಾದರೆ ದಪ್ಪ ಜಾಸ್ತಿ ಮಾಡೋಣ ಅನ್ನುತ್ತೀರಿ. 10 ಮಿ.ಮೀ. ರೋಪ್ ಮೀಟರಿಗೆ ನಾಲ್ಕು ನೂರು ಗ್ರಾಂ ಹತ್ತಿರ ತೂಗುತ್ತದೆ. 20 ಮಿ.ಮೀ. ಆದರೆ ಒಂದೂವರೆ ಕೆ.ಜಿ. ತೂಕ ಹೇಗೋ ಹೊರಬಹುದು. ಆದರೆ ಅದನ್ನು ಕಂಬಕ್ಕೆ ಸುತ್ತಲು ಮಗನ ಜೊತೆ ನೀವೂ ಹೋಗಬೇಕಾಗುತ್ತದೆ, ಅಷ್ಟು ಬಿರುಸು.

ಅದಕ್ಕೇ ನನ್ನ ಸಲಹೆ: ಕಳ್ಳನನ್ನು ತಡೆಯುವ ಕೆಲಸ ಕೇಬಲ್ಲಿಗೆ ಕೊಡಬೇಡಿ. ಅದು ಬರೀ ದಾರ ಆಗಿರಲಿ. ದಾರಕ್ಕೆ ಗಟ್ಟಿ ಮಣಿ ಪೋಣಿಸಿ ಸರ ಮಾಡಿ. ನಿಮ್ಮ ಹತ್ತಿರ ಲೇತ್ ಇರುವುದರಿಂದ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

8 ಮಿ.ಮೀ. ರೋಪ್ ತಗೊಳ್ಳಿ. ಅದರ ಮೇಲೆ 18 ಮಿ.ಮೀ. ಹೊರ ಅಳತೆ, ಸುಮಾರು 10.5 ಮಿ.ಮೀ. ತೂತು ಇರುವ ಮಣಿಗಳು. ಹೊರ ಅಳತೆ ಇಷ್ಟು ದೊಡ್ಡದಿರಲು ಒಂದು ಕಾರಣವಿದೆ. ಬ್ಯಾಗಿನಲ್ಲಿ ಹಿಡಿಸುವ ಸಣ್ಣ ಬೋಲ್ಟ್ ಕಟ್ಟರ್‌ನ ಬಾಯಿ ಅಷ್ಟು ಅಗಲ ತೆರೆಯುವುದಿಲ್ಲ. ಬಾಯಿಗೆ ಸಿಕ್ಕದ್ದನ್ನು ಅದು ಕಚ್ಚುವುದಾದರೂ ಹೇಗೆ? ಇಡೀ ಸರ ಮೀಟರಿಗೆ ಒಂದೂವರೆ ಕೆ.ಜಿ. ಮೇಲೆ ಸ್ವಲ್ಪ ಬರುತ್ತದೆ. ಒಳ್ಳೆಯ ಗಟ್ಟಿ ಸರಪಳಿ ಇದಕ್ಕಿಂತ ಭಾರ. ನೀವು ಆಸೆಬಿದ್ದು ಮಣಿಯ ಗೋಡೆ ಇನ್ನೂ ದಪ್ಪ ಮಾಡಿದರೆ ಸರಪಳಿಯ ತೂಕಕ್ಕೇ ಬಂದು ನಿಲ್ಲುತ್ತೀರಿ. ಆಗ ಸುಮ್ನೆ ಸರಪಳಿಯನ್ನೇ ಕೊಳ್ಳುವುದು ಮೇಲು.

ಮಣಿಯ ಆಕಾರದಲ್ಲೇ ಎಲ್ಲ ಇರುವುದು. ಸಾದಾ ಪೈಪಿನ ತುಂಡು ಪೋಣಿಸಿದರೆ ಸರ ಬಾಗಿದಾಗ ಹೊರಮೈಯಲ್ಲಿ ಬಿರುಕು ಬಾಯಿ ಬಿಡುತ್ತದೆ. ಲೆಕ್ಕ ಹಾಕಿ: 30 ಸೆಂ.ಮೀ. ಅಡ್ಡಳತೆಯ ಸುತ್ತು, 20 ಮಿ.ಮೀ. ಉದ್ದದ ಮಣಿ. ಪ್ರತಿ ಜಾಗದಲ್ಲೂ ಸುಮಾರು ಎರಡೂವರೆ ಮಿ.ಮೀ. ಸಂದು ಬೀಳುತ್ತದೆ. ಹ್ಯಾಕ್ಸಾ ಬ್ಲೇಡಿಗೆ ಅದೇ ಹೆಬ್ಬಾಗಿಲು. ಕಳ್ಳ ಇನ್ನಷ್ಟು ಬಗ್ಗಿಸಿದರೆ ಸಂದು ಇನ್ನೂ ದೊಡ್ಡದಾಗುತ್ತದೆ. ಆದ್ದರಿಂದ ಮಣಿಯ ಒಂದು ತುದಿ ಉಬ್ಬಾಗಿ, ಇನ್ನೊಂದು ತುದಿ ಬಟ್ಟಲಿನಂತೆ ತಗ್ಗಾಗಿ ಇರಬೇಕು. ಒಂದರ ಬಟ್ಟಲಲ್ಲಿ ಇನ್ನೊಂದರ ಮೂತಿ ಕನಿಷ್ಠ 4 ಮಿ.ಮೀ. ಒಳಗೆ ಕೂರಬೇಕು. ಒಂದು ಮಿತಿಗಿಂತ ಜಾಸ್ತಿ ಬಾಗಿಸಿದರೆ ಅಂಚಿಗೆ ಅಂಚು ತಾಗಿ ಅಲ್ಲೇ ನಿಲ್ಲುವ ಹಾಗೆ ಟರ್ನ್ ಮಾಡಿ. ಇದು ಸರಿಬರಲು ಮೂರ್ನಾಲ್ಕು ಮಾದರಿ ಹಾಳಾಗುತ್ತವೆ, ಬೇಜಾರು ಬೇಡ.

ಮಣಿಗಳು ರೋಪಿನ ಮೇಲೆ ಸಲೀಸಾಗಿ ತಿರುಗುತ್ತಿರಲಿ. ಬಿಗಿಯಾಗಿ ಕೂರಿಸಬೇಡಿ. ಗ್ರೈಂಡರ್‌ನ ವೀಲ್ ಮುಟ್ಟಿಸಿದರೆ ಮಣಿಯೂ ಗಿರ್ರನೆ ತಿರುಗುತ್ತದೆ. ಅದನ್ನು ಹಿಡಿದುಕೊಳ್ಳಲು ಕಳ್ಳನಿಗೆ ಮೂರನೇ ಕೈ ಬೇಕು.

ಉಕ್ಕು ಯಾವುದು? ನಿಮ್ಮ ಸ್ಟೇನ್‌ಲೆಸ್ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಗ್ರಿಲ್ಲಿಗೆ ಬಳಸುವ 304 ಸ್ಟೇನ್‌ಲೆಸ್ ಅನ್ನು ಕಾಯಿಸಿ ಅದ್ದಿ ಗಡಸು ಮಾಡಲು ಆಗುವುದಿಲ್ಲ. ಅದು ತುಕ್ಕನ್ನು ತಡೆಯುತ್ತದೆ, ಕಟ್ಟರ್‌ನ ಹಲ್ಲನ್ನಲ್ಲ. ಒಳಗಿನ ರೋಪ್ ಸ್ಟೇನ್‌ಲೆಸ್ ಇರಲಿ, ಮಳೆಗೆ ಒಳ್ಳೆಯದು. ಮಣಿಗೆ ಬೇಡ. ಬೇರಿಂಗ್ ಸ್ಟೀಲ್ ಇಎನ್ 31 ತಗೊಂಡು ಪೂರ್ತಿ ಗಡಸು ಮಾಡೋಣ ಅಂತ ಕೆಲವರು ಹೇಳುತ್ತಾರೆ. ಹ್ಯಾಕ್ಸಾ ಅದರ ಮೇಲೆ ಜಾರುತ್ತದೆ, ನಿಜ. ಆದರೆ ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದರೆ ಗಾಜಿನ ಹಾಗೆ ಸೀಳುತ್ತದೆ. ನಮಗೆ ಬೇಕಾದದ್ದು ಮದ್ದೂರು ವಡೆಯಲ್ಲ, ಉದ್ದಿನ ವಡೆ. ಹೊರಗೆ ಗಟ್ಟಿ, ಒಳಗೆ ಮೆತ್ತಗೆ. 20 ಎಂಎನ್‌ಸಿಆರ್ 5 ಉಕ್ಕಿನಲ್ಲಿ ಟರ್ನ್ ಮಾಡಿಸಿ ಕೇಸ್ ಹಾರ್ಡನಿಂಗ್‌ಗೆ ಕೊಡಿ. ಗೇರಿನ ಹಲ್ಲುಗಳಿಗೆ ಬಳಸುವ ಉಕ್ಕು ಇದು. ಚರ್ಮ ಮಾತ್ರ ಸುಮಾರು ಒಂದು ಮಿ.ಮೀ. ಆಳಕ್ಕೆ 58ರಿಂದ 60 ಎಚ್‌ಆರ್‌ಸಿ (ರಾಕ್‌ವೆಲ್ ಅನ್ನುವ ಗಡಸುತನದ ಅಳತೆ) ಗಡಸಾಗಲಿ, ಒಳಗಿನ ತಿರುಳು ಹಾಗೇ ಇರಲಿ. ಬೋಲ್ಟ್ ಕಟ್ಟರ್‌ನ ಬಾಯಿಯ ಗಡಸುತನವೂ ಇದರ ಆಸುಪಾಸೇ. ಸಮಬಲರ ಜಗಳದಲ್ಲಿ ಕಟ್ಟರ್‌ನ ಅಂಚೂ ಮುಕ್ಕಾಗುತ್ತದೆ. ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವವರು ಬೇಕಾದಷ್ಟಿದ್ದಾರೆ. ಐವತ್ತು ಮಣಿಗೆ ಅಂತಲೇ ಪ್ರತ್ಯೇಕ ಭಟ್ಟಿ ಹಚ್ಚಲಾರರು, ಬೇರೆಯವರ ಗೇರುಗಳ ಜೊತೆ ಸೇರಿಸಲು ಕೇಳಿ.

ರೋಪಿಗೂ ಮಣಿಗೂ ನಡುವೆ ಉಳಿದ ಸಂದಿನಲ್ಲಿ, ಬುಲೆಟ್‌ಪ್ರೂಫ್ ಜಾಕೆಟ್ಟಿಗೆ ಬಳಸುವ ಅರಾಮಿಡ್ ನೂಲಿನ ತೆಳು ಕೊಳವೆ ಹೆಣಿಗೆಯನ್ನು ತೂರಿಸಿದರೆ ಇನ್ನೂ ಒಳ್ಳೆಯದು. ಬ್ಲೇಡು ಹೇಗೋ ಒಳಗೆ ಬಂದರೂ ನೂಲು ಹಲ್ಲಿಗೆ ಸುತ್ತಿಕೊಂಡು ಕಾಟ ಕೊಡುತ್ತದೆ. ಗಟ್ಟಿ, ಸಡಿಲ, ನಾರು ಮೂರೂ ಒಂದೇ ಕಡೆ ಇದ್ದರೆ ಒಂದೇ ಹತಾರದಲ್ಲಿ ಮುಗಿಸುವುದು ಕಷ್ಟ.

ಇಷ್ಟೆಲ್ಲ ಮಾಡಿ ಜನ ಸೋಲುವುದು ತುದಿಯಲ್ಲಿ. ರೋಪಿನ ತುದಿಗೆ ಅಲ್ಯೂಮಿನಿಯಂ ಫೆರೂಲ್ (ತುದಿಯನ್ನು ಬಿಗಿ ಹಿಡಿಯುವ ಲೋಹದ ಕೊಳವೆ) ಒತ್ತಿ, ಅದು ಬೀಗದಿಂದ ಹೊರಗೆ ಕಾಣುವ ಹಾಗೆ ಬಿಟ್ಟಿರುತ್ತಾರೆ. ಕಳ್ಳ ಮಣಿಸರದ ತಂಟೆಗೇ ಹೋಗುವುದಿಲ್ಲ, ಫೆರೂಲನ್ನೇ ಸೀಳುತ್ತಾನೆ. ಉಕ್ಕಿನ ಫೆರೂಲನ್ನು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಿಸಿ. ಅದು ಬೀಗದ ಮೈಯೊಳಗೆ ಪೂರ್ತಿ ಮುಳುಗಿರಲಿ, ಕೊನೆಯ ಮಣಿಯೂ ಬೀಗದ ಬಾಯೊಳಗೆ ಅರ್ಧ ಹೋಗಿ ಕೂರಲಿ. ಕೀಲಿಯ ಸಿಲಿಂಡರ್ ಮಾತ್ರ ನೀವು ಮಾಡಲು ಹೋಗಬೇಡಿ. ಡಿಸ್ಕ್ ಡಿಟೇನರ್ ಮಾದರಿಯದು, ಅಂದರೆ ಒಳಗೆ ಪಿನ್ನುಗಳ ಬದಲು ತಿರುಗುವ ಬಿಲ್ಲೆಗಳಿರುವುದು, ರೆಡಿ ಸಿಗುತ್ತದೆ, ಕೊಂಡು ಕೂರಿಸಿ. ಬೀಗ ಮಾಡುವುದೇ ಕಸುಬಾದವರೂ ಇಲ್ಲಿ ಎಡವಿದ್ದಾರೆ. 2004ರಲ್ಲಿ ಅಮೆರಿಕದಲ್ಲಿ ದುಬಾರಿ ಸೈಕಲ್ ಬೀಗಗಳನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ತುರುಕಿ ತಿರುಗಿಸಿಯೇ ತೆರೆದು ತೋರಿಸಿದ್ದರು. ದುಂಡು ಕೀಲಿಯ ಬೀಗಗಳು ಅವು. ಉಕ್ಕು ಎಷ್ಟು ಗಟ್ಟಿ ಇದ್ದರೇನು ಬಂತು, ಅಲ್ವಾ? ಅಂದ ಹಾಗೆ, ಬೀಗದ ಕೆಳಭಾಗದಲ್ಲಿ ನೀರು ಇಳಿಯಲು ಸಣ್ಣ ತೂತು ಮರೆಯಬೇಡಿ.

"ಯಾರಿಂದಲೂ ಕತ್ತರಿಸೋಕೆ ಆಗದ" ಅಂದಿರಲ್ಲ, ಅದು ಆಗದ ಮಾತು. ಬ್ಯಾಟರಿ ಗ್ರೈಂಡರ್ ಮುಂದೆ ನೀವು ಮಾಡುವ ಉಕ್ಕಿನ ಬೀಗ ನಿಮಿಷಗಳ ಲೆಕ್ಕದಲ್ಲಿ ಮಾತ್ರ ನಿಲ್ಲುತ್ತದೆ. 2020ರಲ್ಲಿ ಬ್ರಿಟನ್ನಿನ ಡರ್ಹ್ಯಾಮ್ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಪ್ರೋಟಿಯಸ್ ಅನ್ನುವ ವಸ್ತುವನ್ನು ತೋರಿಸಿದರು. ನೊರೆಯಂಥ ಅಲ್ಯೂಮಿನಿಯಂ ಒಳಗೆ ಸೆರಾಮಿಕ್ ಗುಂಡುಗಳು. ಗ್ರೈಂಡರ್ ಗುಂಡಿಗೆ ತಾಗಿದ ಕೂಡಲೇ ಅದುರು ಶುರುವಾಗಿ ವೀಲೇ ಮೊಂಡಾಗುತ್ತದೆ. ಉಕ್ಕಿನ ಸಾಂದ್ರತೆಯ ಶೇ 15ರಷ್ಟೇ ಅದರ ಸಾಂದ್ರತೆ. ನಮ್ಮ ನಿಮ್ಮ ಶೆಡ್ಡಿನಲ್ಲಿ ಆಗುವ ಕೆಲಸ ಅಲ್ಲ ಅದು. ನಮ್ಮ ಗುರಿ ಕಳ್ಳನ ಸಮಯ ತಿನ್ನುವುದು, ಸದ್ದು ಮಾಡಿಸುವುದು.

ಮಾಡಿ ಮುಗಿಸಿದ ಮೇಲೆ ನೀವೇ ಪರೀಕ್ಷೆ ಮಾಡಬೇಡಿ. ನಿಮಗೆ ನಿಮ್ಮ ಕೂಸಿನ ಮೇಲೆ ಕೈ ಏಳುವುದಿಲ್ಲ. ಪಕ್ಕದ ಶೆಡ್ಡಿನ ವೆಲ್ಡರ್ ಕೈಗೆ ಎರಡಡಿಯ ಬೋಲ್ಟ್ ಕಟ್ಟರ್, ಹ್ಯಾಕ್ಸಾ, ಸುತ್ತಿಗೆ ಕೊಟ್ಟು, ಕಣ್ಣಿಗೆ ಕನ್ನಡಕ ಹಾಕಿಸಿ, ಮೊಬೈಲಿನಲ್ಲಿ ಟೈಮ್ ನೋಡಿ. ಒಮ್ಮೆ ವೈಸ್‌ನಲ್ಲಿ ಕಟ್ಟಿ, ಇನ್ನೊಮ್ಮೆ ನೆಲದ ಮೇಲಿಟ್ಟು. ನೆಲದ ಮೇಲಾದರೆ ಕಟ್ಟರ್‌ನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಪೂರ್ತಿ ಹಾಕಬಹುದು. ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ನೀವೇ ನೋಡುತ್ತೀರಿ. ಮಗನಿಗೂ ಅದನ್ನು ತೋರಿಸಿ. ಬೀಗ ನೆಲಕ್ಕೆ ತಾಗದ ಹಾಗೆ, ಫ್ರೇಮಿನ ಎತ್ತರದಲ್ಲಿ ಬಿಗಿಯಾಗಿ ಹಾಕಲಿ. ಕಟ್ಟುವ ಕಂಬ ಯಾವುದು ಅಂತಲೂ ನೋಡಲಿ. 8 ಮಿ.ಮೀ. ಸರಳಿನ ಕಿಟಕಿಗೆ ಕಟ್ಟಿದರೆ ಕಳ್ಳ ಸರಳನ್ನೇ ಕತ್ತರಿಸಿ, ನಿಮ್ಮ ಬೀಗದ ಸಮೇತ ಸೈಕಲ್ ಒಯ್ಯುತ್ತಾನೆ.

ಪ್ರಶ್ನೆ: ಕೆಲಸಕ್ಕಾಗಿ ನೆದರ್ಲೆಂಡ್ಸ್‌ಗೆ ಬಂದು ಆರು ತಿಂಗಳಾಯಿತು. ಇಲ್ಲಿ ಸೈಕಲ್ ಇಲ್ಲದೆ ಬದುಕಿಲ್ಲ, ಸೈಕಲ್ ಕಳ್ಳರಿಗೂ ಬರವಿಲ್ಲ. ಬಟ್ಟೆಯ ಹಗ್ಗದಂಥ ಹಗುರ ಬೀಗ ಬಂದಿದೆ, ಬುಲೆಟ್‌ಪ್ರೂಫ್ ಜಾಕೆಟ್ಟಿನ ನಾರಿನದು ಅನ್ನುತ್ತಾರೆ. ನಂಬಬಹುದಾ?
— ಐಂಡ್‌ಹೋವನ್‌ನಿಂದ ಒಬ್ಬ ಓದುಗ

ಉತ್ತರ: ನಾರು ಒಳ್ಳೆಯದೇ. ಅರಾಮಿಡ್ ಅಂದರೆ ಕೆವ್ಲಾರ್ ಜಾತಿಯದು. ಕೆವ್ಲಾರ್ 1965ರಲ್ಲಿ ಡ್ಯುಪಾಂಟ್ ಕಂಪನಿಯ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದದ್ದು. ಬೋಲ್ಟ್ ಕಟ್ಟರ್ ಇದನ್ನು ಕತ್ತರಿಸುವ ಬದಲು ಜಗಿಯುತ್ತದೆ, ನಾರು ದವಡೆಗಳ ನಡುವೆ ನುಸುಳಿ ಮೆತ್ತಿಕೊಳ್ಳುತ್ತದೆ. ಆದರೆ ಚೂಪಾದ, ಸಂದಿಲ್ಲದೆ ಕೂಡುವ ಕತ್ತರಿ ಇದ್ದರೆ ಸೋಲುತ್ತದೆ. ಕೆಲವು ಬೀಗಗಳಲ್ಲಿ ಅರಾಮಿಡ್ ಬದಲು ಪಾಲಿಎಥಿಲೀನ್ ನಾರು ಇರುತ್ತದೆ. ಅದು 150 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕರಗುತ್ತದೆ, ಗ್ರೈಂಡರ್‌ಗೆ ಬೆಣ್ಣೆ.

ನೀವಿರುವ ದೇಶದಲ್ಲಿ ಊಹೆ ಮಾಡುವ ಕಷ್ಟವಿಲ್ಲ. ಬೀಗದ ಮೇಲೆ ಎಆರ್‌ಟಿ ಗುರುತು (ಬೀಗವನ್ನು ಪರೀಕ್ಷಿಸಿ ಕೊಡುವ ಅಲ್ಲಿನ ಮುದ್ರೆ), ನಕ್ಷತ್ರ ಇದೆಯಾ ನೋಡಿ. ಸೈಕಲ್ ವಿಮೆ ಮಾಡಿಸಿದ್ದರೆ ಎಷ್ಟು ನಕ್ಷತ್ರದ ಬೀಗ ಬೇಕು ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ, ಅದಕ್ಕಿಂತ ಕಡಿಮೆ ಹಾಕಿ ದುಡ್ಡು ಕೇಳಲು ಹೋಗಬೇಡಿ. ಇನ್ನೊಂದು: ಅಲ್ಲಿನ ಸೈಕಲ್‌ಗಳ ಹಿಂಚಕ್ರದಲ್ಲಿ ನಮ್ಮೂರಿನ ಹಳೇ ಸೈಕಲ್‌ಗಳಲ್ಲಿದ್ದಂಥದ್ದೇ ರಿಂಗ್ ಲಾಕ್ ಇರುತ್ತದೆ. ಅದನ್ನೂ ಹಾಕಿ, ಇದನ್ನೂ ಹಾಕಿ. ಎರಡಕ್ಕೂ ಬೇರೆ ಬೇರೆ ಹತಾರ ಬೇಕಾಗುತ್ತದೆ ಅನ್ನುವುದೇ ಲಾಭ.

ಪ್ರಶ್ನೆ: ರೈಲಿನಲ್ಲಿ ಸೀಟಿನ ಕೆಳಗೆ ಸೂಟ್‌ಕೇಸ್ ಕಟ್ಟಲು ಮೂರು ನಂಬರಿನ ತೆಳು ಕೇಬಲ್ ಲಾಕ್ ಸಾಕಾ?
— ಗೃಹಿಣಿ, ಅರಸೀಕೆರೆ

ಉತ್ತರ: ಸಾಕು ತಾಯಿ. ಮೇಲೆ ಅಷ್ಟೆಲ್ಲ ಬರೆದು ಇದಕ್ಕೆ ಸಾಕು ಅಂದೆ ಅಂತ ನಗಬೇಡಿ. ಅಲ್ಲಿ ಕಳ್ಳನಿಗೆ ಸಿಗುವುದು ಸ್ಟೇಷನ್ ಬಂದಾಗಿನ ಅರ್ಧ ನಿಮಿಷ. ಸುತ್ತ ಎಂಟು ಜನ. ಅವನು ಎತ್ತಿಕೊಂಡು ಇಳಿಯಲು ನೋಡುತ್ತಾನೆಯೇ ಹೊರತು ಕಟ್ಟರ್ ತೆಗೆದು ಕೂರುವುದಿಲ್ಲ. ಕೆಳಗಿನ ಬರ್ತಿನ ಅಡಿಯಲ್ಲಿರುವ ಬಳೆಗೆ ಸುತ್ತಿ, ಸೂಟ್‌ಕೇಸಿನ ಹಿಡಿಯಲ್ಲಿ ತೂರಿಸಿ ಹಾಕಿ. ಮೂರು ನಂಬರ್ ಅಂದರೆ ಸಾವಿರ ಸಾಧ್ಯತೆ. ಒಂದಕ್ಕೆ ಎರಡು ಸೆಕೆಂಡ್ ಹಿಡಿದರೂ ಎಲ್ಲ ತಿರುಗಿಸಿ ನೋಡಲು ಅರ್ಧ ಗಂಟೆ ಮೇಲಾಗುತ್ತದೆ. ಹಾಕಿದ ಮೇಲೆ ಮೂರೂ ಚಕ್ರಗಳನ್ನು ಚೆನ್ನಾಗಿ ಕಲಸಿಬಿಡಿ. ತುಂಬ ಜನ ಕೊನೆಯ ಒಂದು ಅಂಕಿ ಮಾತ್ರ ಸರಿಸಿ ಮಲಗುತ್ತಾರೆ. ಒಡವೆ, ದುಡ್ಡು ಮಾತ್ರ ಅದರಲ್ಲಿ ಇಡಬೇಡಿ. ಬಟ್ಟೆಯ ಸೂಟ್‌ಕೇಸಿನ ಜಿಪ್ಪಿಗೆ ಬಾಲ್‌ಪೆನ್ನಿನ ಮೊನೆ ಚುಚ್ಚಿದರೆ ಅದು ಬಾಯಿ ಬಿಡುತ್ತದೆ. ಆಮೇಲೆ ಜಿಪ್ಪಿನ ಗುಂಡಿಯನ್ನು ಹಿಂದೆ ಮುಂದೆ ಎಳೆದರೆ ಏನೂ ಆಗಿಲ್ಲವೆಂಬಂತೆ ಮುಚ್ಚಿಕೊಳ್ಳುತ್ತದೆ. ನಿಮ್ಮ ಕೇಬಲ್ಲೂ ಬೀಗವೂ ಹಾಕಿದಂತೆಯೇ ಇರುತ್ತವೆ.