ಗ್ಯಾರೇಜಿನ ಗೋಡೆಯೇ ಬೇಲಿಯಾಗಬಹುದೇ?

ಮಾನ್ಯರೇ, ಸಿಡ್ನಿಯ ನಿಮ್ಮ ಹಿತ್ತಿಲಿನಲ್ಲಿ ಗ್ಯಾರೇಜ್ ಮತ್ತು ಗ್ರಾನಿ ಫ್ಲ್ಯಾಟ್ (ಮುಖ್ಯ ಮನೆಯ ನಿವೇಶನದಲ್ಲೇ ಕಟ್ಟುವ ಚಿಕ್ಕ ಮನೆ) ಕಟ್ಟುವಾಗ ಗಡಿಯ ಗೋಡೆಗೆ ನೆರೆಯವರಿಂದ ಅರ್ಧ ಖರ್ಚು ಕೇಳಬಹುದೇ ಎಂದಿದ್ದೀರಿ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ 1991ರ ಬೇಲಿ ಕಾಯ್ದೆಯು ಮನೆ ಅಥವಾ ಗ್ಯಾರೇಜಿನ ಭಾಗವಾದ ಗೋಡೆಯನ್ನು ಬೇಲಿಯೆಂದು ಪರಿಗಣಿಸುವುದಿಲ್ಲವಾದ್ದರಿಂದ, ಆ ಕಾಯ್ದೆಯಡಿ ಕೇಳಲಾಗದು. ತಳಪಾಯದಿಂದ ಮಾಡಿನ ನೀರಿನ ದೋಣಿಯವರೆಗೆ ಎಲ್ಲವೂ ನಿಮ್ಮ ಜಾಗದೊಳಗೇ ಇರಬೇಕು; ಹಳೆಯ ಬೇಲಿ ನಿಜವಾದ ಗಡಿಯ ಮೇಲೆಯೇ ಇದೆಯೆಂದು ನಂಬದೆ ಮೊದಲು ಸರ್ವೆ ಮಾಡಿಸಿ.

ಗ್ರಾನಿ ಫ್ಲ್ಯಾಟಿನ ಹೊರಗೋಡೆ ಪಕ್ಕದ ನಿವೇಶನದ ಗಡಿಗೆ 900 ಮಿಲಿಮೀಟರಿಗಿಂತ ಹತ್ತಿರ ಬಂದರೆ, ಅದು 60 ನಿಮಿಷ ಬೆಂಕಿಯನ್ನು ತಡೆಯುವಂತಿರಬೇಕು ಮತ್ತು ಮಲಗುವ ಕೋಣೆಗೆ ಆ ಬದಿಯಲ್ಲಿ ಸಾಮಾನ್ಯ ಕಿಟಕಿ ಇಡಲಾಗದು. ಹಾಗಾಗಿ ಕಿಟಕಿ ಬೇಡದ ಗ್ಯಾರೇಜನ್ನು ಗಡಿಯತ್ತ ಸರಿಸುವುದೇ ಜಾಣತನವೆಂದು ನನ್ನ ಅನಿಸಿಕೆ. ಗಡಿಗೆ ಅಂಟಿದ ಇಟ್ಟಿಗೆ ಗೋಡೆಯ ಹೊರಮೈಯ ಸಂದುಗಳನ್ನು ತುಂಬಲು ಗಾರೆಯವರು ನೆರೆಯವರ ಅಂಗಳದಲ್ಲೇ ನಿಲ್ಲಬೇಕಾಗುವುದರಿಂದ, ಅವರ ಲಿಖಿತ ಒಪ್ಪಿಗೆಯನ್ನು ಕೆಲಸಕ್ಕೆ ಮುಂಚೆಯೇ ಪಡೆಯಿರಿ.